1:96 ಕಾನ್‌ಸ್ಟಿಟ್ಯೂಷನ್ ಕಿಟ್: ಒಡಲಿಗಾಗಿ ಕೊಳ್ಳಿ, ಹಾಯಿಗಾಗಿ ಅಲ್ಲ

ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಎಂಬ ಅಮೆರಿಕದ ಹಳೆಯ ಹಾಯಿ ಯುದ್ಧಹಡಗಿನ ಈ ಪ್ಲಾಸ್ಟಿಕ್ ಮಾದರಿ ಕಿಟ್ ತರಿಸುವ ಮೊದಲು ಮನೆಯ ಶೆಲ್ಫ್ ಅಳೆದುಕೊಳ್ಳಿ. 1:96 ಎಂದರೆ ನಿಜ ಹಡಗಿನ 96ರಲ್ಲಿ ಒಂದು ಪಾಲು. ಅದರ 220 ಅಡಿಯ ನಡುಗಂಬ ಇಲ್ಲಿ 27 ಇಂಚು ದಾಟುತ್ತದೆ, ಉದ್ದ ಮೂರಡಿಗೂ ಹೆಚ್ಚು. ಮುಚ್ಚಿದ ಗಾಜಿನ ಪೆಟ್ಟಿಗೆಗೂ ದುಡ್ಡು ಎತ್ತಿಡಿ. ಬೆಂಗಳೂರಿನ ಧೂಳು ಒಮ್ಮೆ ಹಗ್ಗಗಳ ಮೇಲೆ ಕೂತರೆ ಒರೆಸಲು ಆಗುವುದಿಲ್ಲ.

ಕಿಟ್‌ನ ಜೀವಾಳ ಒಡಲು. ಹಲಗೆಗಳ ಗೆರೆ, ತಳದ ತಾಮ್ರದ ತಗಡುಗಳ ಗುರುತು ಚೆನ್ನಾಗಿ ಮೂಡಿವೆ. ಎಡವಿರುವುದು ತೋಪಿನ ಕಿಂಡಿಗಳಲ್ಲಿ, ಅಲ್ಲಿ ಗೋಡೆಯ ದಪ್ಪವೇ ಕಾಣುವುದಿಲ್ಲ. 1812ರ ಆಗಸ್ಟ್ 19ರಂದು ಬ್ರಿಟಿಷರ ಗೆರಿಯರ್ ಹಡಗಿನ ಗುಂಡುಗಳು ಪುಟಿದು ಬಿದ್ದದ್ದಕ್ಕೇ ಇದಕ್ಕೆ ‘ಓಲ್ಡ್ ಐರನ್‌ಸೈಡ್ಸ್’ ಎಂಬ ಹೆಸರು. ಒತ್ತೊತ್ತಾಗಿ ನಿಲ್ಲಿಸಿದ ಲೈವ್ ಓಕ್ ಎಂಬ ಗಟ್ಟಿ ಮರದ ಪಕ್ಕೆಲುಬು, ಒಳಗೂ ಹೊರಗೂ ಓಕ್ ಹಲಗೆ, ಕೆಲವೆಡೆ ಎರಡಡಿ ಹತ್ತಿರದ ದಪ್ಪ. ಈ ಅಳತೆಗೆ ಅದು 5–6 ಮಿ.ಮೀ. ಆಗಬೇಕು. ಕಿಟ್‌ನ ಗೋಡೆಯೋ ಬಿಸ್ಕತ್ತಿನ ಡಬ್ಬಿಯಷ್ಟು ತೆಳು! ಡೆಕ್ ಕೂರಿಸುವ ಮುನ್ನವೇ ಕಿಂಡಿಗಳ ಒಳ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ. ಆಮೇಲೆ ಕೈ ಹೋಗುವುದಿಲ್ಲ.

ಬಣ್ಣ ನಿಮ್ಮ ಆಯ್ಕೆ. ಇವತ್ತು ಬಾಸ್ಟನ್‌ನಲ್ಲಿ ನಿಂತಿರುವ ಹಡಗಿಗೆ ಬಿಳಿ ಪಟ್ಟಿ. 1812ರ ರೂಪ ಬೇಕಿದ್ದರೆ ಮಾಸಲು ಹಳದಿ. ಮೂತಿಯ ಹರ್ಕ್ಯುಲಿಸ್ ಬೊಂಬೆ 1804ರ ಡಿಕ್ಕಿಯಲ್ಲೇ ಹಾಳಾಗಿತ್ತು, ಹಾಗಾಗಿ ಸುರುಳಿ ಕೆತ್ತನೆ ಸಾಕು. ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಮಾಡಬೇಡಿ, ತೇವಕ್ಕೆ ಬೆಳ್ಳಗೆ ಮಂಕಾಗುತ್ತದೆ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಕಂಬಗಳನ್ನು. ಪ್ಲಾಸ್ಟಿಕ್ ಕಂಬ ದಾರದ ಎಳೆತಕ್ಕೆ ಬಾಗುತ್ತದೆ. ಎರಡು ಹೋಳು ಅಂಟಿಸುವಾಗಲೇ ಒಳಗೆ ಹಿತ್ತಾಳೆ ಕಡ್ಡಿ ಇಡಿ. ಪಕ್ಕದ ಹಗ್ಗಗಳನ್ನು ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ ಎಂದು ಕಟ್ಟುತ್ತಾ ಹೋಗಬೇಕು. ಒಂದೇ ಬದಿ ಮುಗಿಸಿದರೆ ಕಂಬ ವಾಲಿಯೇ ತೀರುತ್ತದೆ. ಕಿಟ್‌ನ ದಾರ ಬಿಟ್ಟು ಚಿಕ್ಕಪೇಟೆಯಲ್ಲಿ ಪಾಲಿಯೆಸ್ಟರ್ ದಾರ ತನ್ನಿ, ಹತ್ತಿಯಷ್ಟು ಜುಂಗು ಏಳುವುದಿಲ್ಲ. ಕಂಬ ಹಿಡಿಯುವ ಹಗ್ಗಕ್ಕೆ ಕಪ್ಪು, ಹಾಯಿ ಆಡಿಸುವುದಕ್ಕೆ ತಿಳಿಕಂದು. ಎರಡನ್ನೂ ಜೇನುಮೇಣದಲ್ಲಿ ಎಳೆದುಕೊಳ್ಳಿ.

ಪ್ಲಾಸ್ಟಿಕ್ ಹಾಯಿಗಳನ್ನು ಡಬ್ಬಿಯಲ್ಲೇ ಬಿಡಿ. ಹಾಯಿ ಇಲ್ಲದ ಅಡ್ಡಮರಗಳೇ ಲಕ್ಷಣ. ಹಗ್ಗ ಕಟ್ಟಿ ಅಭ್ಯಾಸವಿಲ್ಲದವರು 1:196ರ ಚಿಕ್ಕ ಕಿಟ್‌ನಿಂದ ಶುರುಮಾಡಲಿ, ಕೆಟ್ಟರೂ ನಷ್ಟ ಕಡಿಮೆ.