ಉಚಿತ ಬ್ಲಾಗ್ ಸೇವೆ, ನಾಲ್ಕು ವರ್ಷದ ಬಳಕೆ: ಕನ್ನಡ ತಲೆಬರಹ ಕೊಡುವ ಮುಂಚೆ ಇದನ್ನು ಓದಿ

ಗೂಗಲ್‌ನ ಬ್ಲಾಗರ್‌ನಲ್ಲಿ ತಲೆಬರಹ ಕನ್ನಡದಲ್ಲಿ ಕೊಟ್ಟರೆ ಲಿಂಕ್‌ನಲ್ಲಿ ಅದರ ಒಂದಕ್ಷರವೂ ಉಳಿಯುವುದಿಲ್ಲ. ನಾಲ್ಕು ವರ್ಷ ಬಳಸಿದ ಮೇಲೂ ಈ ಸೇವೆಯ ಮೇಲೆ ನನಗೆ ಸಿಟ್ಟು ಬರುವುದು ಇದೊಂದಕ್ಕೇ.

ನಾನು ಗದಗದವನು. ಲಕ್ಕುಂಡಿ ಗುಡಿಗಳು, ಕಪ್ಪತಗುಡ್ಡ, ಮಾಗಡಿ ಕೆರೆ, ಇವುಗಳ ಬಗ್ಗೆ ಬರೆಯುತ್ತೇನೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಬಗ್ಗೆ ಎರಡು ವಾರ ಕೂತು ಬರೆದೆ. ಲಿಂಕ್‌ನ ವಿಳಾಸದಲ್ಲಿ ಬಂದಿದ್ದು ಇಂಗ್ಲಿಷ್‌ನಲ್ಲಿ 'ಬ್ಲಾಗ್ ಪೋಸ್ಟ್' ಮತ್ತು ಒಂದು ಅಂಕಿ, ಅಷ್ಟೇ. ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಹಾಕಿದರೆ ಸೋದರಮಾವ ಫೋನ್ ಮಾಡಿ, "ಇದನ್ನ ಒತ್ತಿದ್ರ ರೊಕ್ಕ ಹೋಗಂಗಿಲ್ಲಲ್ಲ?" ಅಂತ ಕೇಳಿದರು. ಅವರು ಹೆದರಿದ್ದು ಸರಿಯೇ. ಗುರುತಿಲ್ಲದ ಲಿಂಕ್ ಯಾರು ಒತ್ತುತ್ತಾರೆ?

ಪರಿಹಾರ ಇದೆ. ಪ್ರಕಟಿಸುವ ಮುಂಚೆಯೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾವೇ ಬರೆಯಬೇಕು. ಪ್ರಕಟಿಸಿದ ಮೇಲೆ ಬದಲಿಸಿದರೆ, ಆಗಲೇ ಹಂಚಿದ ಹಳೆಯ ಲಿಂಕ್ ಸತ್ತಂತೆ. ಸೆಟ್ಟಿಂಗ್ಸ್‌ನಲ್ಲಿ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸುವ ಸೌಲಭ್ಯವಿದೆ. ಅದು ನನ್ನ ಕಣ್ಣಿಗೆ ಬೀಳಲು ಎರಡು ವರ್ಷ ಬೇಕಾಯಿತು.

ಬರಹ ಹಂಚಲು ಇಟ್ಟುಕೊಂಡ ಫೇಸ್‌ಬುಕ್ ಪೇಜ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಫಾಲೋವರ್ಸ್ ಎರಡು ಸಾವಿರ ದಾಟಿದ್ದಾರೆ, ಲಿಂಕ್ ಇರುವ ಪೋಸ್ಟ್ ಇನ್ನೂರು ಜನರಿಗೂ ಕಾಣುವುದಿಲ್ಲ. ಒಮ್ಮೆ 500 ರೂಪಾಯಿ ಕೊಟ್ಟು ಬೂಸ್ಟ್ ಮಾಡಿದೆ, ಅಂದರೆ ಪೋಸ್ಟ್ ಹೆಚ್ಚು ಜನರಿಗೆ ಕಾಣುವಂತೆ ಮಾಡಿಸಿದೆ. ಲೈಕ್ ಬಂದವು, ಬ್ಲಾಗ್‌ಗೆ ಬಂದು ಓದಿದವರು ಹನ್ನೊಂದು ಜನ. ಮತ್ತೆ ಆ ದಾರಿ ತುಳಿದಿಲ್ಲ. ವಾಟ್ಸಾಪ್ ಚಾನೆಲ್ 2023ರಲ್ಲಿ ಬಂದ ಮೇಲೆ ಅಲ್ಲೂ ಹಾಕುತ್ತೇನೆ. ಅಲ್ಲಿ ಸೇರಿದವರು ಕಡಿಮೆ, ಆದರೆ ಓದುತ್ತಾರೆ.

ಇಷ್ಟಾದರೂ ಬ್ಲಾಗ್ ಬಿಟ್ಟಿಲ್ಲ, ಅದಕ್ಕೆ ಕಾರಣ ಬೆಳಗಿನ ಹತ್ತು ನಿಮಿಷ. ಐದೂವರೆಗೆ ಏಳುತ್ತೇನೆ. ಚಹಾ ಕುದಿಯಲು ಇಟ್ಟು ಸರ್ಚ್ ಕನ್ಸೋಲ್ ತೆರೆಯುತ್ತೇನೆ. ಇದು ಗೂಗಲ್‌ನ ಉಚಿತ ಸಾಧನ. ಜನ ಏನು ಟೈಪ್ ಮಾಡಿ ಹುಡುಕಿದಾಗ ನಮ್ಮ ಬರಹ ಕಂಡಿತು ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ. 'ಮಾಗಡಿ ಕೆರೆ ಹಕ್ಕಿ ಯಾವ ತಿಂಗಳು', 'ಲಕ್ಕುಂಡಿ ಬಸ್ ಟೈಮ್', ಎಲ್ಲ ಕನ್ನಡದಲ್ಲೇ. ಯಾರೋ ಎಲ್ಲೋ ಕೂತು ನಮ್ಮೂರಿನ ಬಗ್ಗೆ ಕೇಳುತ್ತಿದ್ದಾರೆ, ಅಲ್ವಾ? ಚಹಾ ಸೋಸುವಷ್ಟರಲ್ಲಿ ಮುಂದಿನ ಬರಹ ಯಾವುದು ಅಂತ ಹೊಳೆದಿರುತ್ತದೆ.

ಒಂದು ದಿನ ನೋಡಿದರೆ ಬೆಂಗಳೂರಿನ ಹತ್ತಿರದ ಮಾಗಡಿಯನ್ನು ಹುಡುಕುವವರೂ ನನ್ನ ಬರಹಕ್ಕೆ ಬರುತ್ತಿದ್ದರು. ಆವತ್ತೇ ಮೊದಲ ಸಾಲು ತಿದ್ದಿದೆ: 'ಗದಗ ಜಿಲ್ಲೆ, ಶಿರಹಟ್ಟಿ ತಾಲೂಕಿನ ಮಾಗಡಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಕೆರೆ.'

2024ರ ಜನವರಿ ಕೊನೆಗೆ ಈ ಕೆರೆ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದ ಸುದ್ದಿ ಬಂತು. ಆ ವಾರ ಜನ ಓದಿದ್ದು ನಾನು 2021ರಲ್ಲಿ ಬರೆದಿಟ್ಟ ಬರಹವನ್ನು. ಅದೇ ವಿಷಯ ಆಗ ಪೇಜ್‌ನಲ್ಲೂ ಹಾಕಿದ್ದೆ. ಈಗ ಹುಡುಕಿದರೆ ನನಗೇ ಸಿಗುವುದಿಲ್ಲ.

ಸ್ವಂತ ಡೊಮೇನ್‌ಗೆ, ಅಂದರೆ ಬ್ಲಾಗ್‌ನ ಸ್ವಂತ ವೆಬ್ ಹೆಸರಿಗೆ, ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕು, ಉಳಿದದ್ದೆಲ್ಲ ಉಚಿತ. ಹೋದ ತಿಂಗಳು ಮತ್ತೊಂದು ವರ್ಷಕ್ಕೆ ಕಟ್ಟಿದೆ. ಇನ್ನೂ ಹದಿನಾಲ್ಕು ಹಳೆಯ ಬರಹಗಳ ವಿಳಾಸ ಸರಿಮಾಡುವುದು ಬಾಕಿ ಇದೆ. ನವೆಂಬರ್‌ನಲ್ಲಿ ಹಕ್ಕಿ ಬರುವಷ್ಟರಲ್ಲಿ ಮುಗಿಸಬೇಕು.