ರಿಟರ್ನ್ ಅವಧಿ ಮುಗಿದ ಮೇಲೂ ಉಳಿಯುವ ಹಕ್ಕು: ಬಳಸಿದ ಲ್ಯಾಪ್‌ಟಾಪ್ ಮಾರುವ ಆನ್‌ಲೈನ್ ಮಳಿಗೆಯೊಂದರ ವಿಮರ್ಶೆ

ದೊಡ್ಡ ಕಚೇರಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಸಗಟಾಗಿ ಕೊಂಡು, ಸ್ವಚ್ಛಗೊಳಿಸಿ, ಪರೀಕ್ಷಿಸಿ, ದರ್ಜೆ ನೀಡಿ ಮತ್ತೆ ಮಾರುವ ಆನ್‌ಲೈನ್ ಮಳಿಗೆಗಳು ಈಗ ಸಾಕಷ್ಟಿವೆ. ಅಂಥ ಒಂದು ಮಳಿಗೆಯಿಂದ ನಾನು ಲ್ಯಾಪ್‌ಟಾಪ್ ಕೊಂಡೆ. ಅದರಲ್ಲಿ ದೋಷ ಕಾಣಿಸಿಕೊಂಡಿತು. ಹಿಂದಿರುಗಿಸಿ ಹಣವನ್ನು ಪೂರ್ತಿಯಾಗಿ ಮರಳಿ ಪಡೆದೆ. ಮಳಿಗೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಅದರ ನಿಯಮಾವಳಿಯಂಥದ್ದನ್ನೇ ಬೇರೆ ಮಳಿಗೆಗಳೂ ಇಟ್ಟುಕೊಂಡಿರುವುದರಿಂದ, ಯಂತ್ರದ ಗುಣಕ್ಕಿಂತ ಹೆಚ್ಚಾಗಿ ಹಿಂದಿರುಗಿಸುವ ವ್ಯವಸ್ಥೆಯನ್ನೇ ಇಲ್ಲಿ ಪರಿಶೀಲಿಸಿದ್ದೇನೆ. ಬಳಸಿದ ವಸ್ತುವನ್ನು ಮಾರುವವರ ಯೋಗ್ಯತೆ ತಿಳಿಯುವುದು ವಸ್ತು ಕೈಗೆ ಬಂದ ದಿನವಲ್ಲ, ಅದು ಕೆಟ್ಟ ದಿನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮೆಚ್ಚಬೇಕಾದ ಸಂಗತಿ. ಈ ಮಳಿಗೆಯ ಜಾಹೀರಾತಿನ ವಿವರಣೆ ಸ್ಪಷ್ಟವಾಗಿತ್ತು. ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ (ಮಾಹಿತಿಯನ್ನು ಶೇಖರಿಸಿಡುವ ಡಿಸ್ಕ್) ಇವುಗಳ ಜೊತೆಗೆ, ಬ್ಯಾಟರಿಯು ಮೂಲ ಸಾಮರ್ಥ್ಯದ ಕನಿಷ್ಠ ಶೇಕಡಾ 80ರಷ್ಟನ್ನು ಉಳಿಸಿಕೊಂಡಿದೆ ಎಂದೂ, ಎಲ್ಲ ಪೋರ್ಟ್‌ಗಳನ್ನು ಪರೀಕ್ಷಿಸಲಾಗಿದೆ ಎಂದೂ, ಮುಚ್ಚಳದ ಮೇಲೆ ಗೀರುಗಳಿವೆ ಎಂದೂ ಬರೆದಿದ್ದರು. ಗೀರುಗಳು ಹೇಳಿದ ಹಾಗೆಯೇ ಇದ್ದವು. ಅವುಗಳ ಬಗ್ಗೆ ನನ್ನ ಆಕ್ಷೇಪವಿಲ್ಲ. ಎ, ಬಿ, ಸಿ ಎಂಬ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಒಬ್ಬರ ಎ ದರ್ಜೆ ಇನ್ನೊಬ್ಬರ ಬಿ ದರ್ಜೆ ಆಗಿರಬಹುದು; ಬಹುಪಾಲು ಸಂದರ್ಭಗಳಲ್ಲಿ ದರ್ಜೆಯು ಹೊರಮೈಯನ್ನು ಕುರಿತದ್ದೇ ಹೊರತು ಒಳಗಿನ ಆರೋಗ್ಯವನ್ನು ಕುರಿತದ್ದಲ್ಲ. ಆದ್ದರಿಂದ ದರ್ಜೆಯ ಅಕ್ಷರಕ್ಕಿಂತ ಅದರ ಕೆಳಗೆ ವಾಕ್ಯರೂಪದಲ್ಲಿ ಬರೆದ ವಿವರಣೆಗೇ ಹೆಚ್ಚು ಬೆಲೆ. ಅಂಥ ವಿವರಣೆ ಇದ್ದುದರಿಂದಲೇ ಮುಂದೆ ನನ್ನ ವಾದಕ್ಕೆ ನೆಲೆ ಸಿಕ್ಕಿತು.

ದೋಷ ಎರಡು ಬಗೆಯದಾಗಿತ್ತು. ಚಾರ್ಜರ್ ತೆಗೆದು ಕೆಲಸ ಮಾಡುತ್ತಿದ್ದಾಗ, ಪರದೆಯ ಮೇಲೆ ಇನ್ನೂ ಸಾಕಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುತ್ತಿರುವಾಗಲೇ ಯಂತ್ರ ಒಮ್ಮೆಲೇ ಆರಿಹೋಗುತ್ತಿತ್ತು. ವಿಂಡೋಸ್‌ನಲ್ಲಿ ಬ್ಯಾಟರಿಯ ವರದಿಯನ್ನು ತೆಗೆಯುವ ಸೌಲಭ್ಯವಿದ್ದು, ಅದರಲ್ಲಿ ಬ್ಯಾಟರಿಯ ವಿನ್ಯಾಸ ಸಾಮರ್ಥ್ಯವನ್ನೂ ಈಗ ಪೂರ್ತಿ ಚಾರ್ಜ್ ಆದಾಗ ಹಿಡಿಯಬಲ್ಲ ಸಾಮರ್ಥ್ಯವನ್ನೂ ಅಕ್ಕಪಕ್ಕದಲ್ಲಿ ಕೊಟ್ಟಿರುತ್ತಾರೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚಿತ್ತು. ಇದಲ್ಲದೆ ಒಂದು ಯುಎಸ್‌ಬಿ ಪೋರ್ಟ್, ತಂತಿ ಸ್ವಲ್ಪ ಅಲುಗಿದರೂ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಇವೆರಡೂ ವಿವರಣೆಯಲ್ಲಿ ಬರೆದ ಮಾತಿಗೆ ನೇರವಾಗಿ ವಿರುದ್ಧವಾದವು. ಬ್ಯಾಟರಿ ಹಳತಾಗಿದೆ ಎಂಬುದೇ ದೂರಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದಂತೆ ಸವೆಯುವುದು ಅದರ ರಸಾಯನದ ಸಹಜ ಗುಣ. ಬಳಸಿದ್ದೆಂದು ತಿಳಿದೇ ಕೊಂಡವರು ಆ ಸವೆತವನ್ನು ದೋಷವೆಂದು ಕರೆಯುವುದು ಮಾರಾಟಗಾರರಿಗೆ ಮಾಡುವ ಅನ್ಯಾಯ. ಶೇಕಡಾ 80 ಎಂದು ಬರೆದು ಅರ್ಧದಷ್ಟನ್ನು ಕೊಟ್ಟರೆ ಮಾತ್ರ ಅದು ಸವೆತದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನನ್ನ ಮೊದಲ ಪತ್ರಕ್ಕೆ ಮಳಿಗೆಯ ಗ್ರಾಹಕ ಸೇವೆಯಿಂದ ಬಂದ ಉತ್ತರ ನಿರಾಶಾದಾಯಕವಾಗಿತ್ತು. ರಿಟರ್ನ್ ಅವಧಿ ಮುಗಿದಿದೆ, ಬಳಸಿದ ವಸ್ತುಗಳಿಗೆ ಅದರ ನಂತರ ಯಾವ ಹೊಣೆಯನ್ನೂ ಹೊರಲಾಗುವುದಿಲ್ಲ ಎಂದಷ್ಟೇ ಬರೆದಿದ್ದರು. ಬಹಳ ಮಂದಿ ಗ್ರಾಹಕರು ಇಲ್ಲಿಗೇ ಕೈಬಿಡುತ್ತಾರೆ ಎಂಬುದು ನನಗೆ ನಿಜಕ್ಕೂ ನೋವು ತರುವ ವಿಚಾರ, ಏಕೆಂದರೆ ಈ ಉತ್ತರದಲ್ಲಿ ಮೂರು ಬೇರೆಬೇರೆ ಸಂಗತಿಗಳನ್ನು ಒಂದಾಗಿ ಬೆರೆಸಲಾಗಿದೆ. ಕೊಂಡವರಿಗೆ ಮನಸ್ಸು ಬದಲಾದರೆ ಕಾರಣ ಹೇಳದೆ ಮರಳಿಸಬಹುದಾದ ಅವಧಿ ಒಂದು. ಮಾರಾಟಗಾರರು ತಾವಾಗಿ ಕೊಡುವ ವಾರಂಟಿ ಇನ್ನೊಂದು. ವಸ್ತು ವಿವರಣೆಗೆ ತಕ್ಕಂತಿರಬೇಕು, ಬಳಕೆಗೆ ಯೋಗ್ಯವಾಗಿರಬೇಕು ಎಂದು ಕಾನೂನೇ ಕೊಡುವ ಹಕ್ಕು ಮೂರನೆಯದು. ಮೊದಲೆರಡನ್ನು ಮಳಿಗೆಯು ತನ್ನ ಇಚ್ಛೆಯಂತೆ ಹಿಗ್ಗಿಸಬಹುದು, ಕೆಲವೊಮ್ಮೆ ಕುಗ್ಗಿಸಲೂಬಹುದು. ಮೂರನೆಯದನ್ನು ತನ್ನ ನಿಯಮಾವಳಿಯ ಪುಟದಲ್ಲಿ ಒಂದು ಸಾಲು ಬರೆದು ಅಳಿಸುವ ಅಧಿಕಾರ ಹೆಚ್ಚಿನ ದೇಶಗಳಲ್ಲಿ ಅದಕ್ಕಿಲ್ಲ.

ಕಾನೂನಿನ ಪಠ್ಯ ಈ ವಿಷಯದಲ್ಲಿ ಎಷ್ಟು ನಿಚ್ಚಳವಾಗಿದೆ ಎಂಬುದನ್ನು ನೋಡಿ. ಯುರೋಪಿಯನ್ ಒಕ್ಕೂಟದ 2019ರ ಸರಕು ಮಾರಾಟ ನಿರ್ದೇಶನವು 2022ರ ಜನವರಿ 1ರಿಂದ ಅನ್ವಯವಾಗುತ್ತಿದೆ. ಅದರ ಪ್ರಕಾರ ವ್ಯಾಪಾರಿಯ ಹೊಣೆಗಾರಿಕೆ ಕನಿಷ್ಠ 2 ವರ್ಷ. ಬಳಸಿದ ವಸ್ತುಗಳ ವಿಷಯದಲ್ಲಿ ಇಬ್ಬರೂ ಒಪ್ಪಿ ಅದನ್ನು ಕಡಿಮೆ ಮಾಡಿಕೊಳ್ಳಲು ಸದಸ್ಯ ದೇಶಗಳು ಅವಕಾಶ ಕೊಡಬಹುದಾದರೂ 1 ವರ್ಷಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಆ ನಿರ್ದೇಶನದ ಇನ್ನೊಂದು ಅಂಶ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ: ವಸ್ತುವಿನಲ್ಲಿರುವ ಕೊರತೆಯನ್ನು ಮೊದಲೇ ತಿಳಿಸಿದ್ದೆವು ಎಂದು ವ್ಯಾಪಾರಿ ಹೇಳಬೇಕಾದರೆ, ಯಾವ ಗುಣದಲ್ಲಿ ಕೊರತೆ ಇದೆ ಎಂಬುದನ್ನು ನಿರ್ದಿಷ್ಟವಾಗಿ ತಿಳಿಸಿರಬೇಕು ಮತ್ತು ಗ್ರಾಹಕರು ಅದನ್ನು ಪ್ರತ್ಯೇಕವಾಗಿ ಒಪ್ಪಿರಬೇಕು. ‘ಇದು ಬಳಸಿದ ವಸ್ತು, ಇದ್ದ ಹಾಗೆ ಮಾರಲಾಗಿದೆ’ ಎಂಬ ಸಾರಾಸಗಟು ಮಾತು ಅಲ್ಲಿ ಸಾಲದು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯು ವ್ಯಾಪಾರಿಗಳು ಮಾರುವ ಬಳಸಿದ ಸರಕಿಗೂ ಅನ್ವಯಿಸುತ್ತದೆ. ದೋಷವಿದ್ದರೆ ಮೊದಲ 30 ದಿನಗಳಲ್ಲಿ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಆಮೇಲೆ ಒಂದು ದುರಸ್ತಿಗೆ ಅಥವಾ ಬದಲಿಗೆ ಅವಕಾಶ ಕೊಡಬೇಕು. ಅದು ಫಲಿಸದಿದ್ದರೆ ಬೆಲೆ ಕಡಿತ ಅಥವಾ ಅಂತಿಮ ತಿರಸ್ಕಾರ.

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳು, ವಸ್ತು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಹೇಳುತ್ತವೆ. ಕುಂದುಕೊರತೆ ಅಧಿಕಾರಿಯು ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, 1 ತಿಂಗಳೊಳಗೆ ಪರಿಹರಿಸಬೇಕೆಂಬುದೂ ಅಲ್ಲಿದೆ. ಅಮೆರಿಕದ ಸ್ಥಿತಿ ಬೇರೆ. ಅಲ್ಲಿ ‘ಇದ್ದ ಹಾಗೆ’ ಎಂಬ ಷರತ್ತಿನ ಮಾರಾಟಕ್ಕೆ ಹಲವು ರಾಜ್ಯಗಳು ಮಾನ್ಯತೆ ಕೊಡುತ್ತವೆ, ಕೆಲವು ಕೊಡುವುದಿಲ್ಲ; ಆದರೆ ಮಾರಾಟಗಾರರು ಲಿಖಿತ ವಾರಂಟಿ ಕೊಟ್ಟಿದ್ದರೆ, 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ ಕಾನೂನು ತಾನಾಗಿ ಕೊಡುವ ವಾರಂಟಿಗಳನ್ನು ಅವರು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಹೀಗಾಗಿ ಕೊಳ್ಳುವ ಮೊದಲು ಮಳಿಗೆ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ ಎಂದು ನೋಡಿಕೊಳ್ಳುವುದು ಬೆಲೆ ನೋಡಿಕೊಳ್ಳುವಷ್ಟೇ ಮುಖ್ಯ.

ನನ್ನ ಎರಡನೆಯ ಪತ್ರದಲ್ಲಿ ನಾನು ರಿಟರ್ನ್ ಅವಧಿಯ ಮಾತೇ ಎತ್ತಲಿಲ್ಲ. ಜಾಹೀರಾತಿನ ವಿವರಣೆಯ ಆ ಎರಡು ವಾಕ್ಯಗಳನ್ನು ಯಥಾವತ್ತಾಗಿ ಬರೆದು, ಅವುಗಳ ಕೆಳಗೆ ಬ್ಯಾಟರಿ ವರದಿಯ ಅಂಕಿಗಳನ್ನು ಕೊಟ್ಟು, ಪೋರ್ಟ್ ಸಂಪರ್ಕ ಕಳೆದುಕೊಳ್ಳುವುದನ್ನು ತೋರಿಸುವ ವಿಡಿಯೊ ಸೇರಿಸಿ, ವಸ್ತು ವಿವರಣೆಗೆ ಹೊಂದುತ್ತಿಲ್ಲವಾದ್ದರಿಂದ ಪೂರ್ತಿ ಹಣ ಮರಳಿಸಬೇಕು ಎಂದು ಕೇಳಿದೆ. ಉತ್ತರದ ಧಾಟಿ ಕೂಡಲೇ ಬದಲಾಯಿತು. ಪತ್ರವನ್ನು ಮೇಲಿನವರಿಗೆ ಕಳಿಸಿದರು, ಹಿಂದಿರುಗಿಸಲು ಒಪ್ಪಿಗೆ ಬಂತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಕೊಂಡ ದಿನದ ಜಾಹೀರಾತು ನನ್ನ ಬಳಿ ಚಿತ್ರರೂಪದಲ್ಲಿ ಉಳಿದಿತ್ತು. ವಸ್ತು ಮಾರಾಟವಾದ ಮೇಲೆ ಅದರ ಪುಟ ಕಾಣೆಯಾಗುವುದು ಇಂಥ ಮಳಿಗೆಗಳಲ್ಲಿ ಸಾಮಾನ್ಯ, ಏಕೆಂದರೆ ಒಂದೊಂದು ಯಂತ್ರಕ್ಕೂ ಒಂದೊಂದು ಪುಟವಿರುತ್ತದೆ. ಪುಟ ಹೋದರೆ ಕೊಟ್ಟ ಮಾತಿನ ಸಾಕ್ಷ್ಯವೂ ಹೋಯಿತು. ಹಣ ಪಾವತಿಸುವ ಮೊದಲು ಆ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಪೆಟ್ಟಿಗೆ ಬಿಚ್ಚುವಾಗ ಸೀರಿಯಲ್ ಸಂಖ್ಯೆ ಕಾಣುವಂತೆ ಚಿತ್ರೀಕರಿಸಿಕೊಳ್ಳಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ದೋಷ ಮೊದಲೇ ಇತ್ತೋ, ನಿಮ್ಮ ಕೈಯಲ್ಲಿ ಆಯಿತೋ ಎಂಬ ಪ್ರಶ್ನೆಯನ್ನು ಈ ಮಳಿಗೆಯೂ ಎತ್ತಿತು. ಬಳಸಿದ ವಸ್ತುಗಳಲ್ಲಿ ಇದು ನಿಜವಾಗಿಯೂ ಕಷ್ಟದ ಪ್ರಶ್ನೆ, ಮಾರಾಟಗಾರರ ಸಂಶಯಕ್ಕೂ ಕಾರಣಗಳಿವೆ. ಅದಕ್ಕೇ ಕಾನೂನುಗಳು ರುಜುವಾತಿನ ಹೊಣೆಯನ್ನು ಮೊದಲ ಕೆಲವು ತಿಂಗಳು ವ್ಯಾಪಾರಿಯ ಮೇಲೆ ಇಟ್ಟಿವೆ: ಬ್ರಿಟನ್ನಿನಲ್ಲಿ 6 ತಿಂಗಳೊಳಗೆ, ಯುರೋಪಿಯನ್ ಒಕ್ಕೂಟದಲ್ಲಿ ಕನಿಷ್ಠ 1 ವರ್ಷದೊಳಗೆ ಕಾಣಿಸಿಕೊಂಡ ದೋಷವು ಕೊಂಡಾಗಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸಬೇಕು, ಇರಲಿಲ್ಲವೆಂದು ವ್ಯಾಪಾರಿಯೇ ತೋರಿಸಬೇಕು. ಬ್ರಿಟನ್ನಿನಲ್ಲಿ 30 ದಿನದೊಳಗೆ ತಿರಸ್ಕರಿಸುವ ಹಕ್ಕನ್ನು ಬಳಸುವಾಗ ಮಾತ್ರ ಈ ಊಹೆ ಗ್ರಾಹಕರ ನೆರವಿಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಪ್ರಸಂಗದಲ್ಲಿ ಬ್ಯಾಟರಿ ವರದಿಯೇ ಉತ್ತರ ಕೊಟ್ಟಿತು. ಅದು ಸಾಮರ್ಥ್ಯದ ಇತಿಹಾಸವನ್ನೂ ದಾಖಲಿಸಿಡುತ್ತದೆ. ಯಂತ್ರ ನನ್ನ ಕೈಗೆ ಬಂದ ವಾರದಲ್ಲೇ ಅಂಕಿ ಅಷ್ಟು ಕೆಳಗಿತ್ತು. ಎಸ್‌ಎಸ್‌ಡಿಯಲ್ಲಿಯೂ ಅದು ಒಟ್ಟು ಎಷ್ಟು ಗಂಟೆ ಚಾಲೂ ಇತ್ತೆಂಬ ದಾಖಲೆ ಇರುತ್ತದೆ.

ಹಿಂದಕ್ಕೆ ಕಳುಹಿಸುವ ಹಂತವನ್ನು ಮಳಿಗೆ ಚೆನ್ನಾಗಿ ನಿಭಾಯಿಸಿತು. ಸಾಗಣೆಯ ವೆಚ್ಚವನ್ನು ತಾನೇ ಭರಿಸಿತು. ದೋಷದ ಕಾರಣಕ್ಕೆ ಮರಳಿಸುವಾಗ ಅದು ಅದರ ಕರ್ತವ್ಯವೇ. ಮನಸ್ಸು ಬದಲಾಗಿ ಮರಳಿಸುವವರು ಸಾಮಾನ್ಯವಾಗಿ ತಾವೇ ತೆರಬೇಕಾಗುತ್ತದೆ. ಅರ್ಜಿಯಲ್ಲಿ ಕಾರಣ ಆರಿಸುವಾಗ ಬೇಡವಾಯಿತು ಎಂಬುದನ್ನು ಒತ್ತಿದರೆ ಈ ವ್ಯತ್ಯಾಸ ಕೈತಪ್ಪುತ್ತದೆ. ಬ್ಯಾಟರಿ ಉಬ್ಬಿದೆಯೇ ಎಂದು ಅವರು ಮೊದಲೇ ಕೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ಹಾನಿಗೊಂಡ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದು ನಿಷಿದ್ಧ. ಉಬ್ಬಿದ್ದರೆ ಸಾಮಾನ್ಯ ಕೊರಿಯರ್‌ಗೆ ಕೊಡದೆ ಮಾರಾಟಗಾರರಿಂದ ಲಿಖಿತ ಸೂಚನೆ ಕೇಳಬೇಕು. ಆದರೆ ನನ್ನ ಮಾಹಿತಿಯನ್ನು ಅಳಿಸುವ ಬಗ್ಗೆ ಅವರು ಒಂದು ಮಾತನ್ನೂ ಹೇಳಲಿಲ್ಲ, ಇದು ದೊಡ್ಡ ಲೋಪ. ಗ್ರಾಹಕರು ತಮ್ಮ ಖಾತೆಗಳಿಂದ ಹೊರಬಂದು, ಯಂತ್ರದ ಲಾಕ್ ತೆಗೆದು, ಡಿಸ್ಕನ್ನು ಪೂರ್ತಿ ಅಳಿಸಿ ಕಳಿಸಬೇಕು. ಖಾತೆಯ ಲಾಕ್ ಉಳಿದ ಯಂತ್ರವನ್ನು ಪರಿಶೀಲಿಸಲಾಗದು ಎಂಬ ಕಾರಣಕ್ಕೆ ಮರುಪಾವತಿ ನಿಂತುಹೋಗುವುದೂ ಉಂಟು.

ಹಣ ಬಂದಾಗ ಅದರಲ್ಲಿ ಪರಿಶೀಲನಾ ಶುಲ್ಕವೆಂದು ಒಂದಿಷ್ಟು ಕಡಿದಿದ್ದರು. ದೋಷವನ್ನು ಒಪ್ಪಿಕೊಂಡ ಮೇಲೆ, ಅದನ್ನು ಪತ್ತೆ ಮಾಡಿದ್ದಕ್ಕೆ ಗ್ರಾಹಕರಿಂದ ಶುಲ್ಕ ಪಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬರೆದು ಕೇಳಿದ ಮೇಲೆ ಅದನ್ನೂ ಮರಳಿಸಿದರು. ಅವರು ಒಪ್ಪದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಪಾವತಿಸಿದ ಹಣವನ್ನು ಬ್ಯಾಂಕಿನ ಮೂಲಕವೇ ಹಿಂಪಡೆಯುವ ವ್ಯವಸ್ಥೆ, ಕೇಳುವ ದಾರಿ ನನಗಿತ್ತು: ವಸ್ತು ವಿವರಣೆಗೆ ಹೊಂದಿಲ್ಲ ಎಂಬುದು ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಅಂಗೀಕೃತ ಕಾರಣ, ಗಡುವು ಸಾಮಾನ್ಯವಾಗಿ 120 ದಿನ. ಮಾರಾಟಗಾರರೊಂದಿಗಿನ ಪತ್ರವ್ಯವಹಾರ ಎಳೆಯುತ್ತ ಹೋದರೆ ಆ ಗಡುವು ಸದ್ದಿಲ್ಲದೆ ಕಳೆದುಹೋಗುತ್ತದೆ.

ಇದೇ ಮಳಿಗೆಯ ತಾಣದಲ್ಲಿ ಖಾಸಗಿ ವ್ಯಕ್ತಿಗಳೂ ತಮ್ಮ ಹಳೆಯ ಉಪಕರಣಗಳನ್ನು ಮಾರುತ್ತಾರೆ, ಎರಡೂ ಬಗೆಯ ಜಾಹೀರಾತುಗಳು ನೋಡಲು ಒಂದೇ ರೀತಿ ಇವೆ. ಇದು ಈ ಸೇವೆಯ ಅತ್ಯಂತ ದೊಡ್ಡ ಕೊರತೆ ಎಂದು ನಾನು ಎಣಿಸುತ್ತೇನೆ. ಮಾರುವವರು ವ್ಯಾಪಾರಿಯಲ್ಲದಿದ್ದರೆ ಮೇಲೆ ಹೇಳಿದ ರಕ್ಷಣೆಗಳಲ್ಲಿ ಬಹುಪಾಲು ಸಿಗುವುದಿಲ್ಲ. ವಸ್ತು ವರ್ಣನೆಗೆ ಹೊಂದಬೇಕೆಂಬ ಹಳೆಯ ನಿಯಮ ಮಾತ್ರ ಉಳಿಯುತ್ತದೆ. ಭಾರತದ 1930ರ ಸರಕು ಮಾರಾಟ ಕಾಯ್ದೆಯಲ್ಲೂ ಬ್ರಿಟನ್ನಿನ 1979ರ ಕಾಯ್ದೆಯಲ್ಲೂ ಆ ನಿಯಮವಿದೆ. ಮಾರುವವರು ವ್ಯಾಪಾರಿಯೋ ಅಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ತಿಳಿಸಬೇಕೆಂದು ಯುರೋಪಿಯನ್ ಒಕ್ಕೂಟ 2022ರ ಮೇ ತಿಂಗಳಿಂದ ಆನ್‌ಲೈನ್ ಮಾರುಕಟ್ಟೆಗಳನ್ನು ಕಟ್ಟುಪಾಡಿಗೆ ಒಳಪಡಿಸಿದೆ. ಈ ಮಳಿಗೆ ಅದನ್ನು ತನ್ನ ಎಲ್ಲ ಗ್ರಾಹಕರಿಗೂ, ಬೆಲೆಯ ಪಕ್ಕದಲ್ಲೇ, ಕಾಣುವ ಅಕ್ಷರದಲ್ಲಿ ತೋರಿಸಬೇಕು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ವಿವರಣೆಯ ಸ್ಪಷ್ಟತೆಗೂ ಸಾಗಣೆಯ ಏರ್ಪಾಟಿಗೂ ಅಂಕ ಸಂದಿದೆ. ಮೊದಲ ಉತ್ತರಕ್ಕೂ ಶುಲ್ಕಕ್ಕೂ ಕಡಿತವಾಗಿದೆ. ಮಳಿಗೆಯೇ ಮಾರುವ, ಬ್ಯಾಟರಿಯ ಶೇಕಡಾವಾರು ಸಾಮರ್ಥ್ಯವನ್ನು ಬರೆದಿರುವ ಯಂತ್ರವಾದರೆ ಇಲ್ಲಿ ಮತ್ತೆ ಕೊಳ್ಳುತ್ತೇನೆ. ಬ್ಯಾಟರಿ ಚೆನ್ನಾಗಿದೆ ಎಂದಷ್ಟೇ ಬರೆದಿರುವ ಜಾಹೀರಾತು ಕಂಡರೆ, ಅಂಕಿ ಎಷ್ಟೆಂದು ಮೊದಲು ಬರವಣಿಗೆಯಲ್ಲಿ ಕೇಳುತ್ತೇನೆ. ಉತ್ತರ ಬಾರದಿದ್ದರೆ ಕೊಳ್ಳುವುದಿಲ್ಲ.