ಒಂದೇ ಹೆಸರಿನ ಹಿರಿಯರನ್ನು ಬೇರ್ಪಡಿಸಿಕೊಟ್ಟ ಧಾರವಾಡದ ದಾಖಲೆ ಶೋಧನೆ

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ನಮ್ಮ ಮನೆತನದಲ್ಲಿ ಬಸಪ್ಪ ಶಿವಪ್ಪ, ಶಿವಪ್ಪ ಬಸಪ್ಪ ಎಂಬ ಎರಡೇ ಹೆಸರುಗಳು ತಲೆಮಾರುಗಳುದ್ದಕ್ಕೂ ಅದಲುಬದಲಾಗುತ್ತ ಬಂದಿವೆ. ತಂದೆಯ ಹೆಸರು, ಅಡ್ಡಹೆಸರು ಎರಡೂ ಹೊಂದಿಕೊಂಡರೂ ಹಳೆಯ ಹುಬ್ಬಳ್ಳಿಯ ಕಾಗದದಲ್ಲಿರುವವರು ಮುತ್ತಜ್ಜನೋ ಅವರ ಮೊಮ್ಮಗನೋ ಎಂಬುದು ತಿಳಿಯುವುದಿಲ್ಲ. ಈ ತೊಡಕನ್ನು ಬಿಡಿಸಲು ಧಾರವಾಡದಲ್ಲಿ ನಿವೃತ್ತ ದಫ್ತರ ನೌಕರರೊಬ್ಬರು ನಡೆಸುವ ವಂಶಾವಳಿ ಶೋಧನೆಯ ಸೇವೆಯನ್ನು ಪಡೆದೆ. ಕೊಟ್ಟ ಹಣಕ್ಕೆ ತಕ್ಕ ಕೆಲಸ ಅಲ್ಲಿ ನಡೆಯುತ್ತದೆ.

ಅವರ ಕ್ರಮವೇ ಈ ಸೇವೆಯ ಬಲ. ಪ್ರತಿ ನಮೂದಿಗೂ ಒಂದು ಬೇರೆ ಚೀಟಿ ಬರೆಯುತ್ತಾರೆ, ಸಿ.ಟಿ.ಎಸ್. ನಂಬರ್ (ನಗರ ಸರ್ವೆಯಲ್ಲಿ ಆಸ್ತಿಗೆ ಕೊಟ್ಟ ಸಂಖ್ಯೆ), ಓಣಿ, ಹೆಂಡತಿಯ ಹೆಸರು, ವಾರಸಾ ನೋಂದಣಿಯಲ್ಲಿ, ಅಂದರೆ ಆಸ್ತಿಯ ವಾರಸುದಾರರ ದಾಖಲೆಯಲ್ಲಿರುವ ಮಕ್ಕಳ ಹೆಸರು, ಇವುಗಳಲ್ಲಿ ಕನಿಷ್ಠ ಎರಡಾದರೂ ಕೂಡಿ ಬರುವವರೆಗೆ ಎರಡು ಚೀಟಿಗಳನ್ನು ಒಬ್ಬನೇ ವ್ಯಕ್ತಿಗೆ ಸೇರಿಸುವುದಿಲ್ಲ. ಗಂಡಸರ ಹೆಸರುಗಳು ಮರುಕಳಿಸುವ ಮನೆಯಲ್ಲಿ ಬೇರೆ ಬೇರೆ ಊರುಗಳಿಂದ ಬಂದ ಸೊಸೆಯಂದಿರ ಹೆಸರುಗಳೇ ತಲೆಮಾರುಗಳನ್ನು ಗುರುತಿಸಿಕೊಡುತ್ತವೆ ಎಂಬುದನ್ನು ನಾನು ಅಲ್ಲಿಯೇ ಕಂಡದ್ದು.

ನಮ್ಮ ಮನೆಯ ಹಳೆಯ ವಹಿಯಲ್ಲಿ ಬಸಪ್ಪನವರು ವಿಳಂಬಿ ಸಂವತ್ಸರದಲ್ಲಿ ತೀರಿಕೊಂಡರೆಂದಷ್ಟೇ ಬರೆದಿದೆ. ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದ್ದ 1898ನೆಯ ಇಸವಿ ಆ ಸಂವತ್ಸರಕ್ಕೆ ಹೊಂದುವುದರಿಂದ ಮುತ್ತಜ್ಜ ಪ್ಲೇಗಿನಲ್ಲಿ ಹೋದರೆಂದು ಎಲ್ಲರೂ ನಂಬಿದ್ದೆವು. ಆದರೆ ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರವು ಅಜ್ಜ ಮೊಮ್ಮಗನ ನಡುವಿನ ಅಂತರಕ್ಕೆ ಸರಿಯಾಗಿ ಬಂದು ಕೂರುತ್ತದೆ. ವಿಳಂಬಿ 1958–59ರಲ್ಲಿ ಮತ್ತೊಮ್ಮೆ ಬಂದಿತ್ತು. ವಾರಸಾ ನಮೂದಿನಲ್ಲಿದ್ದ ಗಂಗವ್ವ ಕೋಂ ಬಸಪ್ಪ (ಬಸಪ್ಪನ ಹೆಂಡತಿ ಗಂಗವ್ವ) ಎಂಬ ಹೆಸರನ್ನು ಹಿಡಿದು, ವಹಿಯಲ್ಲಿರುವವರು ಮೊಮ್ಮಗ ಬಸಪ್ಪನವರೆಂದು ಶೋಧಕರು ತೋರಿಸಿಕೊಟ್ಟರು. ಮುತ್ತಜ್ಜನ ಮರಣದ ಜಾಗವನ್ನು ವಂಶವೃಕ್ಷದಲ್ಲಿ ಖಾಲಿ ಬಿಟ್ಟಿದ್ದಾರೆ. ಊಹೆಯಿಂದ ತುಂಬದೆ ಹೀಗೆ ಖಾಲಿ ಬಿಟ್ಟದ್ದಕ್ಕಾಗಿಯೇ ಉಳಿದ ಪುಟಗಳ ಮೇಲೆ ನನಗೆ ಭರವಸೆ ಮೂಡಿದೆ.

ಕೊರತೆಗಳೂ ಇವೆ. ಮುಂಬಯಿ ಆಡಳಿತದ ಕಾಲದ, ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಪುಟಗಳ ಸಾರಾಂಶವನ್ನಷ್ಟೇ ಕೊಡುತ್ತಾರೆ; ಸಾಲುಸಾಲಿನ ಕನ್ನಡ ಪಾಠ ಬೇಕಾದರೆ ಪ್ರತ್ಯೇಕ ಹಣ ತೆರಬೇಕು. ಇದು ಮೂಲ ವರದಿಯಲ್ಲಿಯೇ ಇರಬೇಕಿತ್ತು, ಏಕೆಂದರೆ ಮುಂದೆ ಯಾರಾದರೂ ಈ ತೀರ್ಮಾನವನ್ನು ಪರೀಕ್ಷಿಸಬೇಕಾದರೆ ಮೂಲಪಾಠವಿಲ್ಲದೆ ಸಾಧ್ಯವಿಲ್ಲ. ಗದಗ, ಹಾವೇರಿಗಳಲ್ಲಿ ಹುಡುಕಾಟಕ್ಕೂ ಅವರು ಹೋಗುವುದಿಲ್ಲ. ಆ ಜಿಲ್ಲೆಗಳು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಒಂದೇ ಜಿಲ್ಲೆಯೊಳಗೆ ಹರಡಿಕೊಂಡಿದ್ದ ನಮ್ಮಂಥ ಮನೆತನಗಳಿಗೆ ಇದು ದೊಡ್ಡ ಅಡಚಣೆ.

ಹೋಗುವವರು ಆಸ್ತಿಯ ಉತಾರ (ಹಕ್ಕುದಾಖಲೆಯ ನಕಲು) ಮಾತ್ರ ಒಯ್ಯದೆ, ಮನೆಯ ಸೊಸೆಯಂದಿರ ಹೆಸರು, ತವರೂರುಗಳನ್ನು ಹಿರಿಯರಿಂದ ಬರೆಸಿಕೊಂಡು ಹೋಗಬೇಕು. ನಿಮ್ಮ ಮನೆಗೆ ವಂಶ ಹೊಗಳಲು ಹೆಳವರು ಬರುವ ವಾಡಿಕೆಯಿದ್ದರೆ ಅವರ ಹೊತ್ತಿಗೆಯಲ್ಲಿರುವುದನ್ನೂ ಬರೆದುಕೊಳ್ಳಿ. ಈ ಶೋಧಕರು ಅದನ್ನು ಆದರದಿಂದ ಕೇಳಿ, ಕಚೇರಿಯ ಕಾಗದದೊಂದಿಗೆ ತಾಳೆ ನೋಡುತ್ತಾರೆ.